ಸಕ್ಕರೆ ಕಾಯಿಲೆ ಇದ್ದವರ ಕಾಲು: ಅಪಾಯ ಎಷ್ಟಿದೆ ಎಂದು ಮನೆಯಲ್ಲೇ ತಿಳಿಯುವ ಕ್ರಮ

ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವವರ ಹಾದಿ ಹೆಚ್ಚುಕಡಿಮೆ ಒಂದೇ ಬಗೆಯದು. ಮೊದಲು ಪಾದದ ಸ್ಪರ್ಶ ಮಂಕಾಗುತ್ತದೆ. ಆಮೇಲೆ ಗೊತ್ತಾಗದ ಒಂದು ಗಾಯ ಆಗುತ್ತದೆ. ಅದು ಹುಣ್ಣಾಗಿ, ಸೋಂಕು ಒಳಗಿಳಿದು, ಬೆರಳು ತೆಗೆಯೋಣವೋ ಪಾದ ತೆಗೆಯೋಣವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಈ ಕಾಯಿಲೆಯಲ್ಲಿ ಕತ್ತರಿಸಬೇಕಾಗಿ ಬರುವ ಕಾಲುಗಳಲ್ಲಿ 100ಕ್ಕೆ ಸುಮಾರು 85ಕ್ಕೆ ಮೊದಲು ಒಂದು ಹುಣ್ಣು ಆಗಿರುತ್ತದೆ. ಹುಣ್ಣು ಆಗದಂತೆ ನೋಡಿಕೊಂಡರೆ ಬಹುಪಾಲು ಕಾಲು ಉಳಿಯುತ್ತವೆ.

ಹಾಗಂತ ಶುಗರ್ ಇದ್ದವರೆಲ್ಲರ ಅಪಾಯವೂ ಒಂದೇ ಅಲ್ಲ. "ಕಾಲು ಜೋಪಾನ" ಎಂದು ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುವುದರಿಂದ ಅಪಾಯ ಕಡಿಮೆ ಇರುವವರು ಸುಮ್ಮನೆ ಹೆದರುತ್ತಾರೆ, ನಿಜವಾಗಿ ಅಪಾಯದಲ್ಲಿರುವವರು "ನನಗೇನೂ ನೋವಿಲ್ರೀ, ಕಾಲು ಚಲೋ ಅದಾವು" ಎಂದು ಬರಿಗಾಲಲ್ಲಿ ಹೊಲಕ್ಕೆ ಹೋಗುತ್ತಾರೆ. ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ, ಪರೀಕ್ಷೆ ಮಾಡಿಸಬೇಕಾದ ಲಕ್ಷಣ. ಆದ್ದರಿಂದ ಮೊದಲು ನೀವು ಯಾವ ಮಟ್ಟದಲ್ಲಿದ್ದೀರಿ ಎಂದು ಗೊತ್ತುಮಾಡಿಕೊಳ್ಳಬೇಕು. ಚಪ್ಪಲಿ, ಎಣ್ಣೆ, ತಪಾಸಣೆ ಎಲ್ಲ ಅದಕ್ಕೆ ತಕ್ಕಂತೆ.

ಯಾವುದು ಮುಖ್ಯ, ಯಾವುದು ಜೊತೆಗೆ ಕೂಡುವುದು

ಮಟ್ಟ ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿ: ಪಾದದ ಸ್ಪರ್ಶ ಉಳಿದಿದೆಯೇ, ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿದೆಯೇ. ಇವೆರಡೂ ಸರಿ ಇದ್ದರೆ ಅಪಾಯ ಬಹಳ ಕಡಿಮೆ. ಒಂದು ಕೆಟ್ಟಿದ್ದು, ಅದರ ಮೇಲೆ ಬೆರಳು ಸೊಟ್ಟಗಾಗುವುದು, ಜಡ್ಡುಗಟ್ಟುವುದು, ಹಿಂದೊಮ್ಮೆ ಹುಣ್ಣಾಗಿರುವುದು, ಕಿಡ್ನಿ ಸೋತಿರುವುದು ಸೇರಿದಂತೆಲ್ಲ ಅಪಾಯ ಏರುತ್ತದೆ.

ಸ್ಪರ್ಶ ಕೆಡುವುದು ಯಾಕೆ? ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳಿಗೂ, ಆ ನರಗಳಿಗೆ ರಕ್ತ ಕೊಡುವ ಸಣ್ಣ ನಾಳಗಳಿಗೂ ಪೆಟ್ಟು ಬೀಳುತ್ತದೆ. ಅತಿ ಉದ್ದದ ನರಗಳು ಮೊದಲು ಸೋಲುತ್ತವೆ. ಅದಕ್ಕೇ ತೊಂದರೆ ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ಹಾಕಿದಷ್ಟು ಭಾಗಕ್ಕೆ ಏರುತ್ತದೆ, ಎರಡೂ ಕಾಲಿಗೆ ಸಮನಾಗಿ. ಕೆಲವರಿಗೆ ಉರಿ, ಜೋಮು, ಸೂಜಿ ಚುಚ್ಚಿದಂತಾಗುವುದು ಇರುತ್ತದೆ, ರಾತ್ರಿ ಮಲಗಿದಾಗ ಹೆಚ್ಚು. ಅನೇಕರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಮರಗಟ್ಟಿರುವುದೂ ತಿಳಿದಿರುವುದಿಲ್ಲ. ಚಪ್ಪಲಿ ಕಾಲಿನಿಂದ ಜಾರಿ ಬಿದ್ದದ್ದು ಹಿಂದಿನವರು ಕೂಗಿ ಹೇಳಿದ ಮೇಲೆ ಗೊತ್ತಾಯಿತು ಎನ್ನುವವರು ಈ ಗುಂಪಿನವರು.

ಅದೇ ನರಹಾನಿಗೆ ಇನ್ನೆರಡು ಮುಖ ಇವೆ. ಬೆವರು ಬರಿಸುವ ನರ ಸತ್ತರೆ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಪಾದದೊಳಗಿನ ಸಣ್ಣ ಸ್ನಾಯುಗಳಿಗೆ ಹೋಗುವ ನರ ಸೋತರೆ ಬೆರಳುಗಳು ಹಕ್ಕಿಯ ಉಗುರಿನಂತೆ ಬಾಗುತ್ತವೆ, ಬೆರಳ ಬುಡದ ಎಲುಬಿನ ಗುಂಡುಗಳು ಅಂಗಾಲಿಗೆ ಇಳಿದು ಒತ್ತುತ್ತವೆ, ಅಲ್ಲಿದ್ದ ಮೆತ್ತನೆಯ ಕೊಬ್ಬು ಮುಂದಕ್ಕೆ ಸರಿದುಬಿಡುತ್ತದೆ. ಹುಣ್ಣು ಬೀಳುವುದು ಹೆಚ್ಚಾಗಿ ಆ ಗುಂಡುಗಳ ಕೆಳಗೆ, ಇಲ್ಲವೇ ಹೆಬ್ಬೆರಳ ತಳದಲ್ಲಿ.

ಒಂದು ಮಾತು ಇಲ್ಲೇ ಹೇಳಬೇಕು. ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಿಂದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಮೊದಲೇ ಶಾಕಾಹಾರಿಗಳಾದರೆ ಇನ್ನಷ್ಟು. ಬಿ12 ಕೊರತೆಯಿಂದಲೂ ಕಾಲು ಜೋಮು ಹಿಡಿಯುತ್ತದೆ. ನಮ್ಮ ಗದಗ, ಧಾರವಾಡ, ಹಾವೇರಿ ಕಡೆ ಮಾಂಸ ಮುಟ್ಟದ ಮನೆತನಗಳು ಬಹಳ, ಆದ್ದರಿಂದ ಎಲ್ಲವನ್ನೂ ಶುಗರ್ ತಲೆಗೆ ಕಟ್ಟುವ ಮೊದಲು ಒಮ್ಮೆ ಬಿ12 ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಕುಡಿತವೂ ಇದೇ ನರಗಳನ್ನು ಕೆಡಿಸುತ್ತದೆ.

ಹೆಜ್ಜೆ 1: ಸ್ಪರ್ಶ ಪರೀಕ್ಷೆ, ಬರೀ ಬೆರಳಿನಿಂದ

ಇದಕ್ಕೆ ಯಾವ ಉಪಕರಣವೂ ಬೇಡ, ಮನೆಯಲ್ಲಿ ಇನ್ನೊಬ್ಬರು ಇದ್ದರೆ ಸಾಕು. ವೈದ್ಯರು ಇದನ್ನು ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ ಎನ್ನುತ್ತಾರೆ.

ಪರೀಕ್ಷೆ ಆಗಬೇಕಾದವರು ಚಪ್ಪಲಿ, ಕಾಲುಚೀಲ ಬಿಚ್ಚಿ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಲಿ. ಕಣ್ಣು ಮುಚ್ಚಬೇಕು. ಮುಟ್ಟಿದ್ದು ಗೊತ್ತಾದ ಕೂಡಲೇ ಯಾವ ಕಾಲು ಎಂದು "ಬಲ" ಅಥವಾ "ಎಡ" ಎಂದು ಹೇಳಬೇಕು, ಅಷ್ಟೇ. ಯಾವುದು ಬಲ, ಯಾವುದು ಎಡ ಎಂಬ ಗೊಂದಲ ಆಗದಂತೆ ಮೊದಲೇ ಒಂದೊಂದು ಕಾಲು ಮುಟ್ಟಿ ಹೇಳಿಬಿಡಿ.

ಪರೀಕ್ಷೆ ಮಾಡುವವರು ತೋರುಬೆರಳಿನ ತುದಿಯಿಂದ ಕಾಲ್ಬೆರಳ ತುದಿಯನ್ನು ಹಗುರವಾಗಿ 1ರಿಂದ 2 ಸೆಕೆಂಡು ಮುಟ್ಟಿ ತೆಗೆಯಬೇಕು. ಕ್ರಮ ಹೀಗೆ: ಬಲಗಾಲ ಹೆಬ್ಬೆರಳು, ಬಲಗಾಲ ಕಿರುಬೆರಳು, ಎಡಗಾಲ ಹೆಬ್ಬೆರಳು, ಎಡಗಾಲ ಕಿರುಬೆರಳು, ಬಲಗಾಲ ನಡುಬೆರಳು, ಎಡಗಾಲ ನಡುಬೆರಳು. ಒಟ್ಟು ಆರು ಬೆರಳು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕುಂದಿದೆ ಎಂದೇ ಲೆಕ್ಕ.

ತಪ್ಪಾಗುವುದು ಇಲ್ಲಿ: ಒತ್ತುವುದು, ತಟ್ಟುವುದು, ಗೀರುವುದು, ಕಚಗುಳಿ ಇಡುವುದು. ಜೋರಾಗಿ ಒತ್ತಿದರೆ ಮರಗಟ್ಟಿದ ಕಾಲಿಗೂ ಗೊತ್ತಾಗುತ್ತದೆ, ಪರೀಕ್ಷೆ ಸುಳ್ಳಾಗುತ್ತದೆ. "ಗೊತ್ತಾಯ್ತೇನು?" ಎಂದು ಕೇಳಬಾರದು, ಕೇಳಿದರೆ ಮುಲಾಜಿಗೆ ಹೂಂ ಎನ್ನುತ್ತಾರೆ. ಗೊತ್ತಾಗದ ಬೆರಳಿಗೆ ಎರಡನೇ ಅವಕಾಶವಿಲ್ಲ, ಮುಂದಿನದಕ್ಕೆ ಹೋಗಿ. ಮಗ ಪರೀಕ್ಷೆ ಮಾಡುವಾಗ ಅಪ್ಪ ಅರೆಗಣ್ಣು ತೆರೆದು ನೋಡುವುದೂ ಉಂಟು. ಮುಖದ ಮೇಲೆ ಟವೆಲ್ ಹಾಕಿಬಿಡಿ.

ಆಸ್ಪತ್ರೆಯಲ್ಲಿ ಇದನ್ನೇ 10 ಗ್ರಾಂ ನೈಲಾನ್ ಎಳೆಯಿಂದ ಮಾಡುತ್ತಾರೆ. ಎಳೆ ಬಾಗುವಷ್ಟು ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರ ಬೀಳುತ್ತದೆ. ಹೆಬ್ಬೆರಳ ತಳ, ಹೆಬ್ಬೆರಳ ಬುಡದ ಗುಂಡು, ಕಿರುಬೆರಳ ಬುಡದ ಗುಂಡು, ಈ ಮೂರು ಜಾಗ ಮುಖ್ಯ. ಜಡ್ಡಿನ ಮೇಲೆ ಎಳೆ ಇಟ್ಟರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಶಿಬಿರಗಳಲ್ಲಿ ಒಂದೇ ಎಳೆಯಿಂದ ನೂರಾರು ಜನರನ್ನು ನೋಡುವುದೂ ಸರಿಯಲ್ಲ: ಸುಮಾರು ಹತ್ತು ಜನರಾದ ಮೇಲೆ ಎಳೆಗೆ ಒಂದು ದಿನ ವಿಶ್ರಾಂತಿ ಬೇಕು, ಇಲ್ಲದಿದ್ದರೆ ಅದು ಸೋತು ಕಡಿಮೆ ಭಾರಕ್ಕೇ ಬಾಗುತ್ತದೆ. 128 ಹರ್ಟ್ಸ್ ಕಂಪನದ ಕವಲು ಕಡ್ಡಿಯನ್ನು ಹೆಬ್ಬೆರಳ ಎಲುಬಿನ ಮೇಲಿಟ್ಟು ನೋಡುವುದು, ಬಯೋಥೀಸಿಯೋಮೀಟರ್ ಯಂತ್ರದಲ್ಲಿ ಕಂಪನ ಅಳೆಯುವುದು ಇನ್ನೆರಡು ವಿಧಾನ. ಯಂತ್ರದ ಚೀಟಿಯಲ್ಲಿ 25 ವೋಲ್ಟ್ ದಾಟಿದ್ದರೆ ಹುಣ್ಣಿನ ಅಪಾಯ ಹೆಚ್ಚು.

ಹೆಜ್ಜೆ 2: ರಕ್ತ ಬರುತ್ತಿದೆಯೇ

ಹೆಬ್ಬೆರಳನ್ನು ಮೇಲಕ್ಕೆತ್ತಿ. ಪಾದದ ಮೇಲೆ ಹುರಿಯೊಂದು ಎದ್ದು ಕಾಣುತ್ತದೆ. ಅದರ ಹೊರಬದಿಗೆ, ಪಾದದ ನಡುಮಟ್ಟದಲ್ಲಿ ಎರಡು ಬೆರಳು ಹಗುರವಾಗಿ ಇಡಿ. ಅಲ್ಲೊಂದು ನಾಡಿ. ಒಳಗಿನ ಹರಡಿನ ಎಲುಬಿನ ಹಿಂದೆ, ಎಲುಬಿಗೂ ಹಿಮ್ಮಡಿಯ ದಪ್ಪ ಹುರಿಗೂ ನಡುವೆ ಇನ್ನೊಂದು. ಹೆಬ್ಬೆರಳಿನಿಂದ ಹಿಡಿಯಬೇಡಿ, ನಿಮ್ಮದೇ ನಾಡಿ ಸಿಕ್ಕಿಬಿಡುತ್ತದೆ. ಗಟ್ಟಿಯಾಗಿ ಒತ್ತಿದರೆ ನಾಡಿ ನಿಂತುಹೋಗುತ್ತದೆ. ಆರೋಗ್ಯವಂತರಲ್ಲೂ ಕೆಲವರಿಗೆ ಪಾದದ ಮೇಲಿನ ನಾಡಿ ಸಿಗುವುದಿಲ್ಲ. ಎರಡೂ ಸಿಗದಿದ್ದರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ಆಸ್ಪತ್ರೆಯಲ್ಲಿ ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ಎಬಿಐ ಎಂಬ ಅಂಕಿ ತೆಗೆಯುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ರಕ್ತನಾಳ ಕಟ್ಟಿದೆ. 1.3ಕ್ಕಿಂತ ಹೆಚ್ಚು ಬಂದರೆ "ಬಹಳ ಚಲೋ" ಅಂತ ಖುಷಿಪಡುವಂತಿಲ್ಲ. ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿದೆ ಎಂದು ಅರ್ಥ, ಅಂಥವರಿಗೆ ಕಾಲ್ಬೆರಳಿನ ಬಿಪಿ ಅಥವಾ ಡಾಪ್ಲರ್ ಪರೀಕ್ಷೆ (ಧ್ವನಿತರಂಗದಿಂದ ನಾಳದೊಳಗಿನ ರಕ್ತದ ಓಟ ನೋಡುವುದು) ಬೇಕು.

ಲಕ್ಷಣದಿಂದ ಹೇಳುವುದಾದರೆ, ನಡೆಯುತ್ತಿದ್ದಂತೆ ಮೀನಖಂಡ ಹಿಡಿದುಕೊಂಡು, ಎರಡು ನಿಮಿಷ ನಿಂತರೆ ಬಿಡುವುದು ರಕ್ತ ಸಾಲದ ಗುರುತು. ರಾತ್ರಿ ಪಾದ ನೋಯುತ್ತಿದ್ದು, ಮಂಚದಿಂದ ಕೆಳಕ್ಕೆ ಇಳಿಬಿಟ್ಟರೆ ಹಾಯೆನಿಸಿದರೆ ರೋಗ ಬಹಳ ಮುಂದೆ ಹೋಗಿದೆ. ಕಾಲು ಇಳಿಬಿಟ್ಟಾಗ ಪಾದ ಕೆಂಪಾಗುವುದನ್ನು ನೋಡಿ "ರಕ್ತ ಚೆನ್ನಾಗಿ ಓಡಾಡ್ತದ" ಎಂದುಕೊಳ್ಳುತ್ತಾರೆ. ಎತ್ತಿದಾಗ ಬಿಳಚಿ, ಇಳಿಬಿಟ್ಟಾಗ ಕೆಂಪೇರಿದರೆ ಅದು ನಾಳ ಕಟ್ಟಿದ ಲಕ್ಷಣ. ಸ್ಪರ್ಶ ಸತ್ತವರಲ್ಲಿ ಈ ನೋವುಗಳೂ ಮುಚ್ಚಿಹೋಗುತ್ತವೆ, ಆದ್ದರಿಂದ ನಾಡಿ ನೋಡದೆ ಸುಮ್ಮನಿರುವಂತಿಲ್ಲ. ಬೀಡಿ, ಸಿಗರೇಟು ಸೇದುವವರಿಗೆ ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯ.

ಹೆಜ್ಜೆ 3: ಆಕಾರ, ಜಡ್ಡು, ಬಿಸಿ

ಬೆಳಕಿನಲ್ಲಿ ಕುಳಿತು ಪಾದ ನೋಡಿ. ಬಾಗಿದ ಬೆರಳು, ಹೆಬ್ಬೆರಳ ಬುಡದಲ್ಲಿ ಹೊರಚಾಚಿದ ಗೆಣ್ಣು, ಕಿರುಬೆರಳ ಮೇಲಿನ ಆಣಿ, ಅಂಗಾಲಿನ ಜಡ್ಡು. ಇವುಗಳಲ್ಲಿ ಯಾವುದಿದ್ದರೂ ಬರೆದಿಟ್ಟುಕೊಳ್ಳಿ.

ಜಡ್ಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ದುಡಿದ ಕಾಲಿಗೆ ಜಡ್ಡು ಸಹಜ ಎಂದು ಬಿಡುತ್ತಾರೆ. ಸ್ಪರ್ಶ ಸತ್ತ ಪಾದದ ಜಡ್ಡು ಚಪ್ಪಲಿಯೊಳಗೆ ಸದಾ ಸಿಕ್ಕಿಕೊಂಡ ಹರಳಿನಂತೆ. ಪ್ರತಿ ಹೆಜ್ಜೆಗೂ ಅದು ಒಳಗಿನ ಮಾಂಸವನ್ನು ಒತ್ತಿ ನಜ್ಜು ಮಾಡುತ್ತದೆ, ಒಳಗೆ ರಕ್ತ ಒಸರುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಹಳದಿ ಜಡ್ಡಿನ ನಡುವೆ ಸಾಸಿವೆಯಷ್ಟು ಕರಿಗೆಂಪು ಚುಕ್ಕೆ ಕಂಡರೆ ಅದು ಮಣ್ಣಲ್ಲ, ಒಣಗಿದ ರಕ್ತ. ಉಜ್ಜಿದರೆ ಹೋಗುವುದಿಲ್ಲ. ಒಳಗೆ ಹುಣ್ಣು ಶುರುವಾಗಿದೆ ಎಂದು ತಿಳಿದು ಆ ವಾರದಲ್ಲೇ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ನುರಿತವರು ಜಡ್ಡು ಕೆತ್ತಿದರೆ ಆ ಜಾಗದ ಒತ್ತಡ ನಾಲ್ಕನೇ ಒಂದರಷ್ಟು ಇಳಿಯುತ್ತದೆ.

ಮನೆಯಲ್ಲಿ ಬ್ಲೇಡಿನಿಂದ ಕೆತ್ತುವುದು, ಆಣಿಗೆ ಔಷಧಿ ಅಂಗಡಿಯ ಕಾರ್ನ್ ಪಟ್ಟಿ ಹಚ್ಚುವುದು, ಸುಣ್ಣ ಬೆಲ್ಲ ಕಟ್ಟುವುದು ಬೇಡ. ಆ ಪಟ್ಟಿಯಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಆಣಿಯನ್ನಷ್ಟೇ ಅಲ್ಲ, ಸುತ್ತಲಿನ ಒಳ್ಳೆ ಚರ್ಮವನ್ನೂ ಸುಡುತ್ತದೆ. ಸುಟ್ಟದ್ದು ಗೊತ್ತಾಗಬೇಕಲ್ಲ!

ಇನ್ನು ಬಿಸಿ. ಅಂಗೈ ಹಿಂಭಾಗದಿಂದ ಎರಡೂ ಪಾದದ ಒಂದೇ ಜಾಗ ಮುಟ್ಟಿ ಹೋಲಿಸಿ. ಮನೆಯಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಇದ್ದರೆ ಚರ್ಮದ ಬಿಸಿ ಅಳೆಯುವ ವಿಧಾನಕ್ಕೆ ಹಾಕಿ ನೋಡಬಹುದು. ಒಂದೇ ಜಾಗದಲ್ಲಿ ಎರಡು ಪಾದದ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಎರಡು ದಿನ ಸತತವಾಗಿ ಬಂದರೆ ಓಡಾಟ ಕಡಿಮೆ ಮಾಡಿ ವೈದ್ಯರನ್ನು ಕಾಣಬೇಕು.

ಒಂದೇ ಪಾದ ಏಕಾಏಕಿ ಬಾತು, ಕೆಂಪಾಗಿ, ಬೆಚ್ಚಗಾಗಿ, ನೋವು ಮಾತ್ರ ಅಷ್ಟಿಲ್ಲ ಎಂದರೆ ಶಾರ್ಕೋ ಪಾದದ ಅನುಮಾನ ಪಡಬೇಕು. ಮರಗಟ್ಟಿದ ಪಾದದ ಎಲುಬು, ಕೀಲು ಒಳಗೊಳಗೇ ಪುಡಿಯಾಗುವ ಸ್ಥಿತಿ ಅದು. ಶುರುವಿನಲ್ಲಿ ಎಕ್ಸ್‌ರೇ ಸರಿ ಇರಬಹುದು. ಉಳುಕಿದೆ ಎಂದು ಎಣ್ಣೆ ಹಚ್ಚಿ ತಿಕ್ಕಿಸಲು ಹೋಗುತ್ತಾರೆ, ಇಲ್ಲವೇ ಯೂರಿಕ್ ಆಸಿಡ್ ಎಂದು ಮಾತ್ರೆ ತಿನ್ನುತ್ತಾರೆ, ಅಷ್ಟರಲ್ಲಿ ಅಂಗಾಲಿನ ಕಮಾನು ಕುಸಿದು ತಳ ದೋಣಿಯಾಕಾರಕ್ಕೆ ಬರುತ್ತದೆ. ಅನುಮಾನ ಬಂದ ಕ್ಷಣದಿಂದ ಆ ಕಾಲು ಊರಬಾರದು. ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಇಡಬೇಕಾಗುತ್ತದೆ, ಬೇಸರವಾದರೂ ಬೇರೆ ದಾರಿ ಇಲ್ಲ.

ಹೆಜ್ಜೆ 4: ಮಟ್ಟ ಗೊತ್ತುಮಾಡುವುದು

ಹಿಂದೆ ಹುಣ್ಣಾಗಿ ಮಾಯ್ದಿದೆಯೇ, ಬೆರಳು ತೆಗೆದಿದ್ದಾರೆಯೇ, ಡಯಾಲಿಸಿಸ್ ನಡೆಯುತ್ತಿದೆಯೇ ಎಂಬ ಮೂರು ಪ್ರಶ್ನೆ ಸೇರಿಸಿದರೆ ಲೆಕ್ಕ ಮುಗಿಯಿತು. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ವಿಂಗಡಣೆ ಇದು:

ಮಟ್ಟ 0: ಸ್ಪರ್ಶ ಸರಿ, ರಕ್ತ ಸರಿ. ವರ್ಷಕ್ಕೊಮ್ಮೆ ತಪಾಸಣೆ.

ಮಟ್ಟ 1: ಸ್ಪರ್ಶ ಅಥವಾ ರಕ್ತ, ಎರಡರಲ್ಲಿ ಒಂದು ಕೆಟ್ಟಿದೆ. 6ರಿಂದ 12 ತಿಂಗಳಿಗೊಮ್ಮೆ.

ಮಟ್ಟ 2: ಎರಡೂ ಕೆಟ್ಟಿವೆ, ಅಥವಾ ಒಂದು ಕೆಟ್ಟು ಜೊತೆಗೆ ಪಾದದ ಆಕಾರವೂ ಕೆಟ್ಟಿದೆ. 3ರಿಂದ 6 ತಿಂಗಳಿಗೊಮ್ಮೆ.

ಮಟ್ಟ 3: ಸ್ಪರ್ಶ ಅಥವಾ ರಕ್ತ ಕೆಟ್ಟಿದ್ದು, ಜೊತೆಗೆ ಹಿಂದಿನ ಹುಣ್ಣು, ತೆಗೆದ ಬೆರಳು ಅಥವಾ ಕಾಲು, ಕೊನೆ ಹಂತದ ಕಿಡ್ನಿ ರೋಗ ಇವುಗಳಲ್ಲಿ ಒಂದಿದೆ. 1ರಿಂದ 3 ತಿಂಗಳಿಗೊಮ್ಮೆ.

ಮಟ್ಟ 3ರವರು ಗಮನಿಸಬೇಕಾದ್ದು: ಒಮ್ಮೆ ಮಾಯ್ದ ಹುಣ್ಣು ಒಂದು ವರ್ಷದೊಳಗೆ 100ರಲ್ಲಿ ಸುಮಾರು 40 ಜನರಿಗೆ ಮರಳಿ ಬರುತ್ತದೆ. ಗಾಯ ಒಣಗಿತು ಎಂದು ಹಳೆಯ ಹವಾಯಿ ಚಪ್ಪಲಿಗೆ ವಾಪಸ್ ಹೋಗುವುದೇ ಇದಕ್ಕೆ ದೊಡ್ಡ ಕಾರಣ. ಗಾಯ ಮಾಯ್ದರೂ ಅದನ್ನು ಉಂಟುಮಾಡಿದ ಒತ್ತಡ ಅಲ್ಲೇ ಇದೆ.

ಮಟ್ಟದ ಲೆಕ್ಕಕ್ಕೆ ನೇರ ಸಿಗದಿದ್ದರೂ ಭಾರ ಹೆಚ್ಚಿಸುವವು ಇವೆ. ಹತ್ತು ವರ್ಷ ಮೀರಿದ ಕಾಯಿಲೆ, ಸತತ ಏರಿರುವ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ; ಬಹುಪಾಲು ಜನರಿಗೆ ಶೇ. 7ರ ಒಳಗಿರಬೇಕು, ವಯಸ್ಸಾದವರಿಗೆ ವೈದ್ಯರು ಸಡಿಲಿಸಬಹುದು), ತನ್ನ ಕಾಲು ತನಗೇ ಕಾಣದಷ್ಟು ಮಂಜಾದ ಕಣ್ಣು, ಬಗ್ಗಲಾಗದ ಹೊಟ್ಟೆ ಅಥವಾ ಮಂಡಿ, ಒಂಟಿಯಾಗಿರುವುದು. ಕೊನೆಯದು ವೈದ್ಯಕೀಯ ಸಂಗತಿಯಲ್ಲ ಎನಿಸಬಹುದು. ಮಕ್ಕಳು ಬೆಂಗಳೂರು ಸೇರಿ ಊರಲ್ಲಿ ಒಬ್ಬರೇ ಉಳಿದ ಅಜ್ಜಿಯ ಅಂಗಾಲು ನೋಡುವವರು ಯಾರು ಎಂದು ಕೇಳಿಕೊಂಡರೆ ಅದರ ತೂಕ ತಿಳಿಯುತ್ತದೆ.

ನಮ್ಮ ಕಡೆಯ ಗಾಯಗಳು ಎಲ್ಲಿಂದ ಬರುತ್ತವೆ

ಮಟ್ಟ 1 ಮತ್ತು ಮೇಲಿನವರು ಇದನ್ನು ಗಮನವಿಟ್ಟು ಓದಬೇಕು. ಹೊರದೇಶದ ಕೈಪಿಡಿಗಳಲ್ಲಿ ಬಿಗಿ ಬೂಟಿನ ಮಾತೇ ಹೆಚ್ಚು. ನಮ್ಮಲ್ಲಿ ಕಾಲು ಕೆಡುವುದು ಬೂಟಿನಿಂದ ಕಡಿಮೆ, ಬರಿಗಾಲಿನಿಂದ ಹೆಚ್ಚು.

ರೋಣ, ನರಗುಂದ, ನವಲಗುಂದದ ಎರೆ ಹೊಲದಲ್ಲಿ ಜೋಳ ಕೊಯ್ದ ಮೇಲಿನ ಕೂಳೆ, ಹತ್ತಿ ಕಟ್ಟಿಗೆಯ ಬುಡ ಈಟಿಯ ಮೊನೆಯಂತಿರುತ್ತವೆ. ಬದುವಿನ ಜಾಲಿಮುಳ್ಳು ತೆಳುವಾದ ಹವಾಯಿ ಚಪ್ಪಲಿಯ ತಳ ತೂರಿ ಬರುತ್ತದೆ. ಸ್ಪರ್ಶ ಇಲ್ಲದವರು ಚಪ್ಪಲಿ ಸಮೇತ ಮುಳ್ಳು ನೆಟ್ಟುಕೊಂಡು ಸಂಜೆವರೆಗೆ ಓಡಾಡುತ್ತಾರೆ. ಹೊಲದಿಂದ ಬಂದ ಕೂಡಲೇ ಚಪ್ಪಲಿ ಮಗುಚಿ ತಳ ನೋಡುವುದು, ಒಳಗೆ ಕೈಯಾಡಿಸುವುದು ರೂಢಿಯಾಗಬೇಕು. ಹಾನಗಲ್ ಕಡೆಯ ಭತ್ತದ ಗದ್ದೆಯಲ್ಲಿ ತೊಂದರೆ ಬೇರೆ: ಕೆಸರಿನಲ್ಲಿ ನಿಂತು ಬೆರಳ ಸಂದು ಬೆಳ್ಳಗೆ ಕೊಳೆತು ಬಿರುಕು ಬಿಡುತ್ತದೆ, ಸೋಂಕು ಒಳಹೋಗುವ ಬಾಗಿಲು ಅದೇ. ಗಂಬೂಟು ಹಾಕಿದರೆ ಒಳಗೆ ಒಣ ಕಾಲುಚೀಲ, ಮಧ್ಯಾಹ್ನ ಒಮ್ಮೆ ಬದಲಾವಣೆ.

ಗುಡಿ. ಹುಬ್ಬಳ್ಳಿಯ ಸಿದ್ಧಾರೂಢ ಮಠವಿರಲಿ, ಗದಗಿನ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳಿರಲಿ, ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಕಲ್ಲುಹಾಸು ಅಂಗಾಲು ಸುಡುವಷ್ಟು ಕಾಯುತ್ತದೆ. ಸ್ಪರ್ಶ ಇರುವವರು ಜಿಗಿದು ನೆರಳಿಗೆ ಹೋಗುತ್ತಾರೆ, ಇಲ್ಲದವರು ಪ್ರದಕ್ಷಿಣೆ ಪೂರ್ತಿ ಹಾಕುತ್ತಾರೆ. ರಾತ್ರಿ ಅಂಗಾಲಿನ ತುಂಬ ಗುಳ್ಳೆ. ಬೆಳಿಗ್ಗೆ ಎಂಟರೊಳಗೆ ಹೋಗಿ, ದಪ್ಪ ಹತ್ತಿ ಕಾಲುಚೀಲ ಹಾಕಿಕೊಳ್ಳಿ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವ ಹರಕೆ ಹೊತ್ತವರಲ್ಲಿ ಮಟ್ಟ 2, 3ರವರು ಇದ್ದರೆ ನಡೆಯಬಾರದು ಎಂಬುದೇ ನಮ್ಮ ಸಲಹೆ, ಗಾಡಿಯಲ್ಲಿ ಹೋಗಿ ಮಲ್ಲಯ್ಯನ ದರ್ಶನ ಮಾಡಿಬರಲಿ. ಮಟ್ಟ 1ರವರು ನಡೆಯುವುದೇ ಆದರೆ ಹಳೆಯ, ಒಗ್ಗಿದ ಬೂಟಿನಲ್ಲಿ, ಪ್ರತಿ ತಂಗಿನಲ್ಲೂ ಅಂಗಾಲು ನೋಡಿಸಿಕೊಂಡು ನಡೆಯಬೇಕು.

ಮನೆಯೊಳಗೂ ಅಪಾಯ ಇದೆ. ಚಳಿಗೆ ಇಟ್ಟಿಗೆ ಕಾಸಿ ಕೊಡುವ ಕಾವು, ಬಿಸಿನೀರಿನ ರಬ್ಬರ್ ಚೀಲ, ಸ್ನಾನಕ್ಕೆ ಮೊದಲು ಕಾಲಿಂದ ನೀರಿನ ಬಿಸಿ ನೋಡುವುದು, ರೊಟ್ಟಿ ಬಡಿಯುವಾಗ ಒಲೆಯತ್ತ ಚಾಚಿದ ಕಾಲು. ನೀರನ್ನು ಮೊಣಕೈಯಿಂದ ನೋಡಿ, 37 ಡಿಗ್ರಿ ದಾಟಬಾರದು. ಉರಿಯುವ ಕಾಲಿಗೆ ಬಿಸಿ ಕಾವು ಯಾವತ್ತೂ ಮದ್ದಲ್ಲ. ದಿನವಿಡೀ ಚಕ್ಕಳಮಕ್ಕಳ ಹಾಕಿ ಕುಳಿತು ಕೆಲಸ ಮಾಡುವ ಅಂಗಡಿಯವರಿಗೆ ಹೊರ ಹರಡಿನ ಎಲುಬಿನ ಮೇಲೆ ಜಡ್ಡಾಗಿ ಹುಣ್ಣಾಗುತ್ತದೆ. ಬೆಟಗೇರಿಯ ಗುಂಡಿಮಗ್ಗದಲ್ಲಿ ಬರಿಗಾಲಲ್ಲಿ ಹಲಗೆ ತುಳಿಯುವವರಿಗೆ ಬೆರಳ ಬುಡದಲ್ಲಿ. ಕಾಲು ಬಾತಾಗ ಬೆಳ್ಳಿ ಕಾಲುಂಗುರ ಬೆರಳಿಗೆ ಕಚ್ಚಿಕೊಳ್ಳುತ್ತದೆ. ಸಂಪ್ರದಾಯದ ಮಾತು ಬಂದರೆ ಸಡಿಲವಾದದ್ದು ಮಾಡಿಸಿ, ಬಾವಿದ್ದಾಗ ತೆಗೆದಿಡಿ.

ಇಲಿಯನ್ನು ಮರೆಯುವಂತಿಲ್ಲ. ಕಾಳಿನ ಚೀಲ ಒಟ್ಟಿದ ಮನೆಯಲ್ಲಿ ನೆಲದ ಮೇಲೆ ಮಲಗಿದವರ ಮರಗಟ್ಟಿದ ಬೆರಳನ್ನು ಇಲಿ, ಹೆಗ್ಗಣ ಕಡಿಯುತ್ತವೆ. ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತ ಕಂಡಾಗಲೇ ತಿಳಿಯುವುದು. ಮಂಚ, ಸೊಳ್ಳೆಪರದೆ, ಮಲಗುವ ಮೊದಲು ತೊಳೆದ ಕಾಲು, ಇಷ್ಟು ಸಾಕು.

ಹೆಜ್ಜೆ 5: ಚಪ್ಪಲಿ

ಮಾತ್ರೆಗೆ ತಿಂಗಳು ತಿಂಗಳು ಖರ್ಚು ಮಾಡುವವರು ಚಪ್ಪಲಿಗೆ ಹಿಂದೆಮುಂದೆ ನೋಡುತ್ತಾರೆ. ಮಟ್ಟ 1ರಿಂದ ಮೇಲಕ್ಕೆ ಚಪ್ಪಲಿಯೂ ಔಷಧಿಯೇ.

ಬೇಕಾದದ್ದು ಎಂಸಿಆರ್ ಎಂಬ ಮೆತ್ತನೆ ರಬ್ಬರ್ ಒಳತಳದ ಚಪ್ಪಲಿ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತ, ಕೈಕಾಲು ಹಾಳಾಗುವುದು ಬಹುಪಾಲು ನೋವು ತಿಳಿಯದೆ ಆಗುವ ಗಾಯಗಳಿಂದ ಎಂದು ತೋರಿಸಿದರು. ಮೆತ್ತನೆ ತಳದ ಚಪ್ಪಲಿ ಅಲ್ಲಿನ ಕೆಲಸದಿಂದಲೇ ಬೆಳೆದದ್ದು, ಸಕ್ಕರೆ ಕಾಯಿಲೆಯ ಕಾಲಿಗೆ ಬಂದದ್ದು ಆಮೇಲೆ. "ಅದು ಕುಷ್ಠದವರ ಚಪ್ಪಲಿ" ಎಂದು ಮೂಗು ಮುರಿಯುವವರು ಇನ್ನೂ ಇದ್ದಾರೆ, ಈಗ ಸಾಮಾನ್ಯ ಚಪ್ಪಲಿಯಂತೆ ಕಾಣುವವೇ ಸಿಗುತ್ತವೆ.

ಕೊಳ್ಳುವಾಗ ನೋಡಬೇಕಾದ್ದು. ಒಳತಳವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಂಡಿದರೆ ಅರ್ಧದಷ್ಟು ತೆಳ್ಳಗಾಗಿ, ಬಿಟ್ಟ ಕೂಡಲೇ ಮೇಲೇಳಬೇಕು. ಅಗತ್ಯಕ್ಕಿಂತ ಮೆತ್ತಗಿದ್ದರೆ ಒಂದೆರಡು ತಿಂಗಳಲ್ಲಿ ತಗ್ಗು ಬಿದ್ದು ಉಪಯೋಗಕ್ಕೆ ಬಾರದು. ಹೊರತಳ ಗಟ್ಟಿ ರಬ್ಬರಿನದು, ಜಾಲಿಮುಳ್ಳು ತೂರದಂಥದ್ದು. ಹಿಮ್ಮಡಿಗೆ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಜಾರದಂತೆ ಹಿಡಿಯಲು ಬೆರಳುಗಳು ಮುದುಡುತ್ತವೆ. ಬೆರಳ ಸಂದಿನಲ್ಲಿ ಹೋಗುವ ಉಂಗುಟ ಇರಬಾರದು. ಮೊಳೆ ಹೊಡೆದದ್ದು ಬೇಡ, ಅಂಟು ಮತ್ತು ಹೊಲಿಗೆಯದು ಆಗಬೇಕು. ರಿಪೇರಿಗೆ ಕೊಟ್ಟಾಗಲೂ "ಮೊಳೆ ಹಾಕಬ್ಯಾಡ್ರಿ" ಎಂದು ಹೇಳಿಬಿಡಿ.

ಅಳತೆ ಸಂಜೆ ತೆಗೆಸಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ, ಆ ಕಾಗದವನ್ನು ಬೂಟಿನೊಳಗೆ ಹಾಕಿ ನೋಡಿ. ಅಂಚು ಮಡಚಿಕೊಂಡರೆ ಬೂಟು ಇಕ್ಕಟ್ಟು. ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಬೇಕು. ಸ್ಪರ್ಶ ಇಲ್ಲದವರು "ಬಿಗಿ ಇದ್ದರೆ ಹಿಡಿದ ಹಾಗಿರ್ತದ" ಎಂದು ಚಿಕ್ಕ ಅಳತೆಯನ್ನೇ ಆರಿಸುತ್ತಾರೆ, ಅಂಗಡಿಗೆ ಮನೆಯವರೊಬ್ಬರು ಜೊತೆಗಿರಲಿ. ಹೊಸದನ್ನು ಮೊದಲ ದಿನ ಒಂದೆರಡು ಗಂಟೆ ಮಾತ್ರ ಹಾಕಿ, ಬಿಚ್ಚಿ ಕೆಂಪು ಗುರುತು ಹುಡುಕಿ. ದಿನದಿನಕ್ಕೆ ಹೊತ್ತು ಹೆಚ್ಚಿಸಿ. ಮನೆಯೊಳಗೆ ಹಾಕಲು ಬೇರೆ ಜೊತೆ ಇಟ್ಟುಕೊಂಡರೆ ದೇವರಮನೆ, ಅಡುಗೆಮನೆಯ ತಕರಾರೂ ಇರುವುದಿಲ್ಲ.

ಹೆಜ್ಜೆ 6: ದಿನದ ಐದು ನಿಮಿಷ

ಸಂಜೆ ಕಾಲು ತೊಳೆದ ಮೇಲೆ ಕುಳಿತು ನೋಡಿ. ಅಂಗಾಲಿಗೆ ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಮೊಮ್ಮಗನಿಂದ ಮೊಬೈಲಿನಲ್ಲಿ ಫೋಟೊ ತೆಗೆಸಿ. ಕಣ್ಣು ಮಂಜಾದವರು ತಾವೇ ನೋಡಿ ಸರಿ ಇದೆ ಎಂದರೆ ಲೆಕ್ಕಕ್ಕಿಲ್ಲ. ಬೆರಳ ಸಂದು ಒಂದೊಂದಾಗಿ ಬಿಡಿಸಿ ನೋಡಿ, ಒಣಬಟ್ಟೆಯಿಂದ ಒತ್ತಿ ಒರೆಸಿ. ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಅಥವಾ ಯೂರಿಯಾ ಇರುವ ಮುಲಾಮು ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಕಾಲನ್ನು ನೀರಲ್ಲಿ ನೆನೆಹಾಕಿ ಕೂರಬೇಡಿ, ಚರ್ಮ ಮೆತ್ತಗಾಗಿ ಬಿರಿಯುತ್ತದೆ. ಉಗುರು ನೇರಕ್ಕೆ ಕತ್ತರಿಸಿ, ಮೂಲೆ ಕೊರೆಯಬೇಡಿ. ಕಾಲುಚೀಲ ತಿಳಿ ಬಣ್ಣದ್ದಿರಲಿ, ರಕ್ತ ಅಥವಾ ಕೀವು ಒಸರಿದರೆ ಅದರ ಮೇಲೆ ಕಾಣುತ್ತದೆ.

ಗಾಯ ಕಂಡರೆ

ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಒಣ ಗಾಜ್ ಬಟ್ಟೆ ಸುತ್ತಿ, ಆ ಕಾಲ ಮೇಲೆ ಭಾರ ಹಾಕುವುದು ನಿಲ್ಲಿಸಿ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸಿದರೆ ಕೊಳೆ ಹೋಯಿತು ಎನಿಸುತ್ತದೆ, ಮಾಯುವ ಜೀವಕೋಶಗಳನ್ನೂ ಅದು ಕೊಲ್ಲುತ್ತದೆ. ಅರಿಶಿನ, ತಂಬಾಕಿನ ಪುಡಿ, ಸುಣ್ಣ ಯಾವುದೂ ಬೇಡ. ಮಟ್ಟ 1 ಮತ್ತು ಮೇಲಿನವರು ಗಾಯ ಎಷ್ಟೇ ಸಣ್ಣದಿರಲಿ 24 ಗಂಟೆಯೊಳಗೆ ತೋರಿಸಬೇಕು. ಟಿಟಿ ಚುಚ್ಚುಮದ್ದು ಆಗಿದೆಯೇ ಎಂಬುದನ್ನೂ ಹೇಳಿ.

ಅದೇ ದಿನ, ರಾತ್ರಿಯಾದರೂ, ದೊಡ್ಡಾಸ್ಪತ್ರೆಗೆ ಹೋಗಬೇಕಾದ ಗುರುತುಗಳು: ಗಾಯದ ಅಂಚಿನಿಂದ 2 ಸೆಂಟಿಮೀಟರ್ ದಾಟಿ ಹರಡಿದ ಕೆಂಪು, ದುರ್ವಾಸನೆ, ಕಪ್ಪಾದ ಬೆರಳು, ಒತ್ತಿದರೆ ಚರಚರ ಎನ್ನುವ ಚರ್ಮ, ಚಳಿಜ್ವರ, ಕಾರಣವಿಲ್ಲದೆ ಏರಿದ ಶುಗರ್. ಜ್ವರ ಇಲ್ಲ ಎಂದು ಕಾಯಬೇಡಿ, ಸೋಂಕು ಆಳಕ್ಕಿಳಿದರೂ ಅನೇಕರಿಗೆ ಜ್ವರ ಬರುವುದಿಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗಿನ ಜಿಮ್ಸ್, ಧಾರವಾಡ ಮತ್ತು ಹಾವೇರಿಯ ಜಿಲ್ಲಾಸ್ಪತ್ರೆ, ಹತ್ತಿರ ಯಾವುದೋ ಅಲ್ಲಿಗೆ. ವಾಹನ ಇಲ್ಲದಿದ್ದರೆ 108.

ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಿ: ಈ ಕಾಲಿಗೆ ರಕ್ತ ಸಾಕಷ್ಟಿದೆಯೇ, ಸೋಂಕು ಎಲುಬು ಮುಟ್ಟಿದೆಯೇ, ಕಾಲ ಮೇಲಿನ ಭಾರ ಹೇಗೆ ಇಳಿಸುತ್ತೀರಿ. ಮೂರನೆಯದನ್ನು ಕೇಳುವವರು ಕಡಿಮೆ. ದಿನಾ ಡ್ರೆಸಿಂಗ್ ಮಾಡಿಸಿಕೊಂಡು ಅದೇ ಕಾಲಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರೆ ಅಂಗಾಲಿನ ಹುಣ್ಣು ಮಾಯುವುದಿಲ್ಲ. ಮೊಣಕಾಲತನಕದ ಪ್ಲಾಸ್ಟರ್ ಹಾಕಿಸುವುದು ಹೆಚ್ಚಾಗಿ ದುಬಾರಿ ಮುಲಾಮಿಗಿಂತ ಬೇಗ ಕೆಲಸ ಮಾಡುತ್ತದೆ, ರಕ್ತದ ಓಟ ಸರಿ ಇದ್ದು ಸೋಂಕು ಹತೋಟಿಯಲ್ಲಿದ್ದರೆ.

ಚಿಕಿತ್ಸೆ ಶುರುವಾದ ದಿನ ಗಾಯದ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಡಿ. ವಾರಕ್ಕೊಮ್ಮೆ ಅದೇ ದೂರದಿಂದ ಇನ್ನೊಂದು. ನಾಲ್ಕು ವಾರಕ್ಕೆ ಗಾಯದ ವಿಸ್ತಾರ ಅರ್ಧಕ್ಕಿಳಿಯದಿದ್ದರೆ ಆ ಫೋಟೊಗಳನ್ನು ತೋರಿಸಿ, ರಕ್ತನಾಳದ ಡಾಪ್ಲರ್ ಮತ್ತು ಎಲುಬಿನ ಎಕ್ಸ್‌ರೇ ಮತ್ತೆ ಮಾಡಿಸಲು ಕೇಳಿ.